ಖಾಲಿ ಕ್ಯಾರಿಯರ್‌ನಲ್ಲಿಟ್ಟ ಭಕ್ಷೀಸು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೂ ಬೆಂಗಳೂರಿನಿಂದ ಥಾಯ್ಲೆಂಡಿಗೆ ಪ್ರವಾಸಿಗರನ್ನು ಕರೆದೊಯ್ಯುವ ಟೂರ್ ಮ್ಯಾನೇಜರ್ ಆಗಿ ಬಹಳ ವರ್ಷ ದುಡಿದೆ. ಆ ಕೆಲಸದಲ್ಲಿ ನಾನು ಹೆಸರು ಮಾಡಿದ್ದು ಒಂದೇ ವಿಷಯಕ್ಕೆ. ಆ ದೇಶದಲ್ಲಿ ಯಾರಿಗೆ, ಎಷ್ಟು, ಹೇಗೆ ಭಕ್ಷೀಸು ಕೊಡಬೇಕು ಎಂದು ಬಸ್ಸಿನಲ್ಲಿ ಮಾಡುತ್ತಿದ್ದ ಭಾಷಣಕ್ಕೆ. ಒಮ್ಮೆ ಬಂದು ಹೋದವರು ತಮ್ಮ ನೆಂಟರನ್ನು ನಮ್ಮ ಟೂರಿಗೆ ಕಳಿಸುವಾಗ, "ಭಕ್ಷೀಸಿನ ಭಾಷಣದ ಹೊತ್ತಿಗೆ ಮಾತ್ರ ನಿದ್ದೆ ಮಾಡ್ಬೇಡಿ" ಎಂದು ಹೇಳಿ ಕಳಿಸುತ್ತಿದ್ದರಂತೆ.

ಬ್ಯಾಂಕಾಕಿನ ವಿಮಾನ ನಿಲ್ದಾಣದಿಂದ ಬಸ್ಸು ಹೊರಟ ಕೂಡಲೇ ಮೈಕು ಹಿಡಿಯುತ್ತಿದ್ದೆ.

"ಸ್ವಾಮಿ, ಅಮ್ಮ, ಎಲ್ಲಾರೂ ಸ್ವಲ್ಪ ಕೇಳಿ. ಇಲ್ಲಿ ಭಕ್ಷೀಸು ಕೊಡ್ಲೇಬೇಕು ಅಂತ ಕಾನೂನಿಲ್ಲ. ಕೊಟ್ರೂ ನಗ್ತಾರೆ, ಕೊಡ್ದಿದ್ರೂ ನಗ್ತಾರೆ. ಆದ್ರೆ ಎರಡು ನಗೂನೂ ಒಂದೇ ಅಲ್ಲ. ಬೆಳಗ್ಗೆ ರೂಮು ಬಿಡೋವಾಗ ದಿಂಬಿನ ಮೇಲೆ ಇಪ್ಪತ್ತು ಬಾತ್ ನೋಟು ಇಡಿ. ಬಾತ್ ಅಂದ್ರೆ ಅವರ ದುಡ್ಡು, ಬಿಸಿಬೇಳೆಬಾತ್ ಇಟ್ಟುಬಿಟ್ಟೀರ! ಕೊನೇ ದಿನ ಒಟ್ಟಿಗೆ ಕೊಡೋಣ ಅನ್ಬೇಡಿ, ದಿನಾ ಒಬ್ಬಳೇ ಗುಡ್ಸೋಕೆ ಬರಲ್ಲ. ನೋಟನ್ನ ಎಂಜಲು ಬೆರಳಲ್ಲಿ ಎಣಿಸ್ಬೇಡಿ, ಅದರ ಮೇಲೆ ಅವರ ರಾಜ ಇದಾನೆ. ನಾಣ್ಯ ಉರುಳಿ ಹೋದ್ರೆ ಕಾಲಲ್ಲಿ ಒತ್ತಿ ನಿಲ್ಲಿಸ್ಬೇಡಿ. ಒಂದು ಬಾತ್, ಎರಡು ಬಾತ್ ಚಿಲ್ಲರೆ ಕೈಗೆ ಹಾಕ್ಬೇಡಿ, ಅವರಿಗೆ ಅವಮಾನ. ಡ್ರೈವರಿಗೂ ಗೈಡಿಗೂ ನಾನೇ ಎಲ್ಲರ ಹತ್ರ ಒಟ್ಟು ಮಾಡಿ ಕೊನೇ ದಿನ ಕೊಡ್ತೀನಿ."

ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಿಲ್ಲ. ಇವತ್ತಿಗೂ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಆದರೆ ಭಾಷಣದ ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ. "ಒಟ್ನಲ್ಲಿ ಭಕ್ಷೀಸು ಅಂದ್ರೆ ಬಿಸ್ಕತ್ತು ಇದ್ದ ಹಾಗೆ. ಬಾಲ ಅಲ್ಲಾಡಿಸಿದ್ದು ನೋಡ್ಕೊಂಡು ಹಾಕಿ."

ಬಸ್ಸು ಪೂರ್ತಿ ನಗುತ್ತಿತ್ತು. ನನ್ನ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದ ಅಲ್ಲಿನ ಗೈಡ್ ಹೆಂಗಸಿಗೆ ಕನ್ನಡ ಬಾರದು. ಎಲ್ಲರೂ ನಗುತ್ತಿದ್ದಾರೆಂದು ಆಕೆಯೂ ನಗುತ್ತಿದ್ದಳು. ಆ ನಗುವೇ ಈಗ ನನ್ನನ್ನು ಕಾಡುವುದು. ಅದು ಕಾಡಲು ಶುರುವಾದದ್ದು ಮಾತ್ರ ಥಾಯ್ಲೆಂಡಿನಲ್ಲಲ್ಲ, ಐರ್ಲೆಂಡಿನಲ್ಲಿ, ಕೊರೋನಾದ ಮೊದಲ ವರ್ಷ.

ನನ್ನ ಮಗಳು ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಚಳಿಗಾಲ ಕಳೆಯಲು ಅವಳ ಮನೆಗೆ ಬಂದಿದ್ದೆ. ವಾಪಸು ಹೋಗುವಷ್ಟರಲ್ಲಿ ವಿಮಾನಗಳು ನಿಂತವು. ಅಳಿಯನ ಕೆಲಸ ದೇಶದ ಪಶ್ಚಿಮ ತುದಿಯ ಗಾಲ್ವೆಯ ಪಾರ್ಕ್‌ಮೋರ್‌ನಲ್ಲಿ. ಉಸಿರಾಟದ ಯಂತ್ರಗಳ ಬಿಡಿಭಾಗ ಮಾಡುವ ಕಾರ್ಖಾನೆಯಾದ್ದರಿಂದ ಅದು ಮುಚ್ಚಲಿಲ್ಲ, ಬದಲಿಗೆ ಮೂರು ಪಾಳಿಯಾಯಿತು. ಅವನು ಅಲ್ಲೇ ರೂಮು ಹಿಡಿದು ಉಳಿದ. ಎಪ್ಪತ್ತು ದಾಟಿದವರು ಮನೆಯಿಂದ ಹೊರಗೆ ಕಾಲಿಡಬಾರದು ಎಂದು ಸರ್ಕಾರ ಹೇಳಿತು. ನನ್ನ ಪ್ರಪಂಚ ಅಡುಗೆಮನೆ ಮತ್ತು ಹಿತ್ತಲಿಗೆ ಬಂದು ನಿಂತಿತು. ಜೊತೆಗೆ ಆರು ವರ್ಷದ ಮೊಮ್ಮಗಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಡಬ್ಲಿನ್ ಹುಡುಗಿಯಂತೆ ಇಂಗ್ಲಿಷಿನಲ್ಲಿ ಹೇಳುವಳು. "ಊಟ ಬೇಕೇನೇ ಪುಟ್ಟಿ?" ಅಂದರೆ "ಐಯಾಮ್ ಗ್ರ್ಯಾಂಡ್, ತಾತ." ಬೇಡ ಅನ್ನುವುದಕ್ಕೆ ಇಲ್ಲಿಯವರ ಮಾತು ಅದು.

ನಮ್ಮದೂ ಪಕ್ಕದ್ದೂ ಒಂದೇ ಗೋಡೆಯ ಮನೆಗಳು. ಪಕ್ಕದಲ್ಲಿದ್ದವರು ಥಾಯ್ಲೆಂಡಿನ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು. ಇಲ್ಲಿಯವನನ್ನೇ ಮದುವೆಯಾಗಿ ಬಂದು, ಗಂಡ ಹೋದ ಮೇಲೂ ಇಲ್ಲೇ ನಿಂತು, ಮೇನ್ ರೋಡಿನಲ್ಲಿ ಊಟ ಕಟ್ಟಿಕೊಡುವ ಒಂದು ಟೇಕ್‌ಅವೇಯಲ್ಲಿ ಅಡುಗೆ ಮಾಡುತ್ತಿದ್ದರು. ಅಂಗಡಿ ಆಗ ಬಾಗಿಲು ಹಾಕಿತ್ತು. ಬಂದ ಹೊಸದರಲ್ಲಿ ಅವರನ್ನು ಕಂಡು ಕೈ ಮುಗಿದು ನನಗೆ ಬರುವ ಥಾಯ್ ಮಾತನ್ನೆಲ್ಲ ಒಪ್ಪಿಸಿದ್ದೆ. ಎಷ್ಟು, ಬಸ್ಸು ಎಲ್ಲಿ, ಖಾರ ಬೇಡ, ಜಾಸ್ತಿಯಾಯಿತು ಕಮ್ಮಿ ಮಾಡಿ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಅಂಕಲ್, ನಿಮ್ಮ ಥಾಯ್ ಭಾಷೇಲಿ ಬರೀ ಗಿರಾಕಿ ಮಾತೇ ಇದೆ" ಅಂದರು. ನಮ್ಮಿಬ್ಬರದೂ ಹರಕು ಇಂಗ್ಲಿಷು. ಅದನ್ನೇ ಇಲ್ಲಿ ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

ಮಗಳಿಗೆ ಕೊರೋನಾ ತಗುಲಿತು. ಆಸ್ಪತ್ರೆಯಿಂದಲೇ ಬಂದಿರಬೇಕು. ಮಹಡಿಯ ರೂಮಿನ ಬಾಗಿಲು ಹಾಕಿಕೊಂಡು, "ಯಾರೂ ಮೇಲೆ ಬರ್ಬೇಡಿ, ಮನೆ ಬಿಟ್ಟೂ ಹೋಗ್ಬೇಡಿ" ಎಂದಳು. ನಾನು ಊಟ ಬಾಗಿಲ ಹೊರಗಿಟ್ಟು, ತಟ್ಟಿ, ಇಳಿದು ಬರುವುದು. ಅವಳು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಹೊತ್ತುಹೊತ್ತಿಗೆ ಫೋನಿನಲ್ಲಿ ಆಕ್ಸಿಜನ್ನಿನ ಅಂಕೆ ಹೇಳುವುದು. ತಟ್ಟೆ ಮಾತ್ರ ಇಟ್ಟ ಹಾಗೆಯೇ ವಾಪಸು ಬರುತ್ತಿತ್ತು. ನನ್ನ ಅಡುಗೆ ಅಷ್ಟರಲ್ಲೇ ಇತ್ತು. ಟೂರಿನಲ್ಲಿ ನಮ್ಮ ಜೊತೆ ಅಡುಗೆ ಭಟ್ಟರೇ ಬರುತ್ತಿದ್ದರು, ಮನೆಯಲ್ಲಿ ಹೆಂಡತಿಯಿದ್ದಳು. ನಾನು ಒಲೆ ಹಚ್ಚಿದ್ದು ಕಾಫಿಗೆ ಮಾತ್ರ.

ಒಂದು ಬೆಳಗ್ಗೆ ಕಾಲಿಂಗ್ ಬೆಲ್ ಆಯಿತು. ಮೆಟ್ಟಿಲ ಮೇಲೆ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್. ನಮ್ಮ ಕಡೆ ಊಟ ಒಯ್ಯುವಂಥದ್ದೇ, ಅವರ ಊರಿನಲ್ಲೂ ಅದೇ. ಪಕ್ಕದವರು ದೂರ ಗೇಟಿನ ಬಳಿ ಮಾಸ್ಕ್ ಹಾಕಿ ನಿಂತಿದ್ದರು. "ಗೋಡೆಯಿಂದ ಕೆಮ್ಮು ಕೇಳ್ಸತ್ತೆ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಮೀನೂ ಇಲ್ಲ. ನಿಮ್ಮ ಮಗಳಿಗೆ" ಅಂದರು.

ಒಳಗೆ ಇದ್ದದ್ದು ಅನ್ನ ಕರಗಿಹೋಗುವಷ್ಟು ಬೇಯಿಸಿದ ಗಂಜಿ. ಶುಂಠಿ ಎಳೆಎಳೆಯಾಗಿ ಹೆಚ್ಚಿ ಹಾಕಿದ್ದರು, ಮೆಣಸಿನ ಪುಡಿ, ಮೇಲೆ ಕೊತ್ತಂಬರಿ. ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. "ಅಪ್ಪ, ಏನಿದು? ರುಚಿ ಗೊತ್ತಾಗ್ತಿಲ್ಲ, ಆದ್ರೆ ಗಂಟಲಲ್ಲಿ ಇಳೀತು. ಇನ್ನೂ ಇದೆಯಾ?"

ಆಮೇಲೆ ದಿನವೂ ಕ್ಯಾರಿಯರ್ ಬಂತು. ಮಗಳು ಅದೊಂದನ್ನೇ ತಿಂದಳು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಜೊತೆಯಲ್ಲೇ ಒಂದು ಕಿರಿಕಿರಿ ಶುರುವಾಯಿತು. ಜೀವನವಿಡೀ ಯಾರ ಋಣವನ್ನೂ ಅಲ್ಲಲ್ಲೇ ಚುಕ್ತಾ ಮಾಡಿ ಬಸ್ಸು ಹತ್ತಿದವನು ನಾನು. ಅಂಗಡಿ ಮುಚ್ಚಿ ಸಂಬಳವಿಲ್ಲದ ಹೆಂಗಸು ದಿನಾ ತಂದು ಕೊಡುತ್ತಿದ್ದಾರೆ, ನಾನು ಸುಮ್ಮನೆ ಇಸಿದುಕೊಳ್ಳುತ್ತಿದ್ದೇನೆ. ಅವರ ದೇಶದ ಪದ್ಧತಿ ನನಗಿಂತ ಚೆನ್ನಾಗಿ ಈ ಬೀದಿಯಲ್ಲಿ ಯಾರಿಗೆ ಗೊತ್ತು ಎಂದುಕೊಂಡೆ. ಕ್ಯಾರಿಯರ್ ಚೆನ್ನಾಗಿ ಬೆಳಗಿ, ಒರೆಸಿ, ಮೇಲಿನ ಡಬ್ಬಿಯಲ್ಲಿ ಇಪ್ಪತ್ತು ಯೂರೋ ನೋಟು ಮಡಿಸಿಟ್ಟು, ಅದರ ಮೇಲೆ ನಮ್ಮ ಶಾಸ್ತ್ರದಂತೆ ಒಂದು ಯೂರೋ ನಾಣ್ಯ ಇಟ್ಟೆ. ಚಿಲ್ಲರೆ ಕೊಡಬೇಡಿ ಎಂದು ಮೈಕಿನಲ್ಲಿ ಕೂಗಿದವನು ನಾನೇ. ಆದರೆ ಆ ನಿಯಮ ಶುಭಕ್ಕೆಂದು ಇಡುವ ಒಂದಕ್ಕೆ ಅನ್ವಯಿಸದೆಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನಡುವಿನ ಗಿಡ್ಡ ಗೋಡೆಯ ಮೇಲಿಂದ ಬಗ್ಗಿ ಅವರ ಮೆಟ್ಟಿಲ ಮೇಲೆ ಕ್ಯಾರಿಯರ್ ಇಟ್ಟು ಬಂದೆ. ಅಂದು ಹಗುರವಾಗಿ ನಿದ್ದೆ ಬಂತು.

ಮಾರನೆಯ ದಿನ ಕ್ಯಾರಿಯರ್ ಬರಲಿಲ್ಲ.

ಬಾಗಿಲಲ್ಲಿ ಟಪಾಲು ಹಾಕುವ ಸಂದಿನ ಮುಚ್ಚಳ ಸದ್ದಾಯಿತು. ಮೊದಲು ಮಡಿಸಿದ ನೋಟು ಬಿತ್ತು. ಆಮೇಲೆ ನಾಣ್ಯ ಬಿದ್ದು, ಮರದ ನೆಲದ ಮೇಲೆ ಉರುಳುತ್ತಾ ಚಪ್ಪಲಿ ಗೂಡಿನ ಕಡೆ ಹೊರಟಿತು. ನಾನು ಕಾಲಿಟ್ಟು ನಿಲ್ಲಿಸಿದೆ. ಅದರ ಮೇಲೆ ರಾಜನೇನೂ ಇರಲಿಲ್ಲ, ಇಲ್ಲಿಯವರ ತಂತಿವಾದ್ಯದ ಚಿತ್ರವಿತ್ತು. ಆದರೂ ಕಾಲು ಎತ್ತಿದಾಗ ಮುಖ ಬಿಸಿಯಾಯಿತು.

"ಅಪ್ಪ, ಗಂಜಿ ಬಂತಾ?" ಎಂದು ಮಗಳು ಫೋನಿನಲ್ಲಿ ಕೇಳಿದಳು.

"ಅವರಿಗೆ ಹುಷಾರಿಲ್ವಂತೆ ಕಣಮ್ಮ" ಎಂದೆ. ಕಾಯಿಲೆ ಬಿದ್ದ ಮಗಳಿಗೆ ಸುಳ್ಳು ಹೇಳಿದೆ. ಅದರ ಮೇಲೆ, ಅನ್ನ ಹಾಕಿದವರಿಗೇ ಕಾಯಿಲೆ ಅಂಟಿಸಿದೆ.

ನಾನೇ ಗಂಜಿ ಮಾಡಿದೆ. ಅಡಿ ಹಿಡಿಯಿತು, ಮೇಲೆ ಗಂಟುಗಂಟಾಯಿತು. ಮಗಳು ಎರಡು ಚಮಚ ತಿಂದು ಬಿಟ್ಟಳು. ಅದರ ಮರುದಿನ ಅಷ್ಟೂ ಇಲ್ಲ. ಸಂಜೆ ಅವಳು ಹೇಳಿದ ಅಂಕೆ ಹಿಂದಿನ ದಿನಕ್ಕಿಂತ ಕೆಳಗಿತ್ತು. "ಇನ್ನೊಂಚೂರು ಇಳಿದ್ರೆ ಅಡ್ಮಿಟ್ ಆಗ್ಬೇಕು ಅಪ್ಪ. ಹೊಟ್ಟೇಲಿ ಏನೂ ಇಲ್ಲ, ಅದಕ್ಕೇ ಸುಸ್ತು ಜಾಸ್ತಿ" ಎಂದಳು. ದಿನಾ ಬೇರೆಯವರನ್ನು ಅಡ್ಮಿಟ್ ಮಾಡಿಕೊಳ್ಳುವವಳು, ತಾನೇ ಅಡ್ಮಿಟ್ ಆಗುವ ಮಾತನ್ನು ಹವಾಮಾನ ಹೇಳಿದ ಹಾಗೆ ಹೇಳಿದಳು. ನಾನು ಫೋನು ಇಟ್ಟು, ಮೆಟ್ಟಿಲು ಹತ್ತಿ, ಅವಳ ಬಾಗಿಲಿಗೆ ನಾಲ್ಕು ಮೆಟ್ಟಿಲು ಕೆಳಗೆ ಕೂತೆ.

"ಅವರು ಹುಷಾರಾಗೇ ಇದಾರೆ ಕಣಮ್ಮ. ನಾನು ಕ್ಯಾರಿಯರ್‌ನಲ್ಲಿ ದುಡ್ಡು ಇಟ್ಟು ಕಳಿಸ್ದೆ. ವಾಪಸು ಹಾಕಿದ್ರು."

ಬಾಗಿಲ ಆಚೆ ಸ್ವಲ್ಪ ಹೊತ್ತು ಕೆಮ್ಮು. ಆಮೇಲೆ, "ದುಡ್ಡಾ? ಎಷ್ಟು?"

"ಇಪ್ಪತ್ತೊಂದು."

"ಅಯ್ಯೋ ಅಪ್ಪ! ಅವರೇನು ನಿಮ್ಮ ಬಸ್ಸಿನ ಡ್ರೈವರ್ರಾ? ಪಕ್ಕದ್ಮನೆ ಆಂಟಿಗೆ ಟಿಪ್ಸ್ ಕೊಡ್ತಾರಾ ಯಾರಾದ್ರೂ? ನಮ್ಮಮ್ಮ ಎದುರುಮನೆಯಿಂದ ಹುಳಿ ಬಂದ್ರೆ ಐವತ್ತು ರುಪಾಯಿ ಇಟ್ಟು ಕಳಿಸ್ತಿದ್ಲಾ?"

ಇಲ್ಲ, ಅವಳಮ್ಮ ಹಾಗೆ ಮಾಡುತ್ತಿರಲಿಲ್ಲ. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಒಂದು ಹಿಡಿ ಅವಲಕ್ಕಿಯನ್ನೋ ನಾಲ್ಕು ನಿಂಬೆಹಣ್ಣನ್ನೋ ಹಾಕಿ ಕಳಿಸುತ್ತಿದ್ದಳು. ನನಗೆ ಅದು ಕಂಡಿತ್ತು. ಆದರೂ ಥಾಯ್ ಮುಖ ಕಂಡೊಡನೆ ಕೈ ಜೇಬಿಗೆ ಹೋಯಿತು.

ಅಲ್ಲೇ ಕೂತು ಮಗಳಿಗೆ ಆ ಗೈಡ್ ಹೆಂಗಸಿನ ಕಥೆ ಹೇಳಿದೆ. ಯಾರಿಗೂ ನೆಟ್ಟಗೆ ಹೇಳಿರಲಿಲ್ಲ. ಒಂದು ಟೂರಿನಲ್ಲಿ ನಮ್ಮ ಗುಂಪಿನ ಮುದುಕಿಯೊಬ್ಬರು ಪಟ್ಟಾಯದಲ್ಲಿ ಜ್ವರ ಬಂದು ಮಲಗಿದರು. ನಾನು ಉಳಿದವರನ್ನು ದ್ವೀಪ ತೋರಿಸಲು ದೋಣಿ ಹತ್ತಿಸಿದೆ. ಆ ಗೈಡ್ ತನ್ನ ರಜೆಯ ದಿನ ಆಸ್ಪತ್ರೆಯಲ್ಲಿ ಮುದುಕಿಯ ಕೈ ಹಿಡಿದು ಕೂತಳು. ತನ್ನ ಮನೆಯಿಂದ ಗಂಜಿ ತಂದು ಕುಡಿಸಿದಳು. ಕೊನೆಯ ದಿನ ನಾನು ಎಂದಿನ ಕವರು ಕೊಟ್ಟು, ಅದರ ಮೇಲೆ ನೂರು ಬಾತಿನ ಮೂರು ನೋಟು, ನೋಟಿನ ಮೇಲೆ ಒಂದು ಬಾತ್ ನಾಣ್ಯ ಇಟ್ಟು, ಮೈಕಿನಲ್ಲಿ "ಇದು ಆಸ್ಪತ್ರೆ ಡ್ಯೂಟಿಗೆ ಎಕ್ಸ್‌ಟ್ರಾ" ಎಂದು ಸಾರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಕೈ ಮುಗಿದು ಕವರು ತೆಗೆದುಕೊಂಡಳು. ಎಕ್ಸ್‌ಟ್ರಾವನ್ನು ಡ್ರೈವರ್ ಪಕ್ಕದ ಸೀಟಿನ ಮೇಲೆ ಬಿಟ್ಟು ಇಳಿದು ಹೋದಳು. "ಕೊಬ್ಬು ನೋಡಿ" ಎಂದೆ ನಾನು. ಆ ಮುನ್ನೂರರಲ್ಲಿ ಏರ್‌ಪೋರ್ಟಿನಲ್ಲಿ ಹುಣಸೆಹಣ್ಣಿನ ಮಿಠಾಯಿ ಕೊಂಡು ಎಲ್ಲರಿಗೂ ಹಂಚಿದೆ. ಮುಂದಿನ ಟೂರುಗಳ ಭಾಷಣದಲ್ಲಿ ಅದೂ ಒಂದು ಹಾಸ್ಯವಾಯಿತು. ಬಿಸ್ಕತ್ತು ಬೇಡ ಅಂದ ನಾಯಿಯ ಕಥೆ.

ಒಳಗೆ ಮಂಚ ಕಿರುಗುಟ್ಟಿತು. ಮಲಗಿದಳೇನೋ ಅಂದುಕೊಂಡೆ.

"ಆ ಮಿಠಾಯಿ ನನಗೂ ತಂದಿದ್ರಿ" ಎಂದಳು ಕೊನೆಗೆ.

"ಹೂಂ."

"ಹೋಗಿ ಮಾತಾಡಿ ಅಪ್ಪ. ಏನೂ ಕಳಿಸ್ಬೇಡಿ ಮತ್ತೆ. ಸೋಂಕಿರೋ ಮನೆಯಿಂದ ತಿಂಡಿಗಿಂಡಿ ಕಳಿಸಿದ್ರೆ ನಾನೇ ನಿಮ್ಮ ಮೇಲೆ ಕಂಪ್ಲೇಂಟ್ ಕೊಡ್ತೀನಿ."

ದುಡ್ಡು ಕೊಡುವಂತಿಲ್ಲ, ತಿಂಡಿ ಕೊಡುವಂತಿಲ್ಲ, ಮನೆ ಬಿಡುವಂತಿಲ್ಲ. ಕೈಯಲ್ಲಿ ಏನೂ ಇಲ್ಲದೆ ಯಾರ ಮುಂದೆಯೂ ನಿಂತು ನನಗೆ ಅಭ್ಯಾಸವಿರಲಿಲ್ಲ. ಬೆಳಗ್ಗೆ ಹಿತ್ತಲಿಗೆ ಹೋದೆ. ಹಲಗೆಯ ಬೇಲಿ ನನ್ನ ಎದೆಯವರೆಗೆ ಬರುತ್ತದೆ. ಅವರು ಆ ತುದಿಯಲ್ಲಿ ಕೊತ್ತಂಬರಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ನಾನು ಮಾಸ್ಕ್ ಸರಿಮಾಡಿಕೊಂಡು, ಬೇಲಿಯಿಂದ ಹಿಂದೆ ಸರಿದು ನಿಂತು, ತಪ್ಪಾಯಿತು ಎಂದೆ.

ಅವರು ನೀರು ಹಾಕುವುದನ್ನು ನಿಲ್ಲಿಸಲಿಲ್ಲ. "ದುಡ್ಡಿಗೆ ಅಡುಗೆ ಮಾಡೋದು ನನಗೆ ಗೊತ್ತು ಅಂಕಲ್. ವಾರದಲ್ಲಿ ಆರು ದಿನ ಅದೇ ಮಾಡ್ತಿದ್ದೆ. ಇದನ್ನ ದುಡ್ಡಿಗೆ ಮಾಡ್ಲಿಲ್ಲ. ಅನ್ನ ಇದ್ದ ಡಬ್ಬೀಲಿ ನೀವು ದುಡ್ಡು ಹಾಕಿದ್ರಿ."

"ಹೌದು."

"ಮೇಲೆ ಒಂದು ನಾಣ್ಯ ಬೇರೆ. ನಮ್ಮೂರಲ್ಲಿ ಒಂದು ನಾಣ್ಯ ಯಾರಿಗೆ ಹಾಕ್ತಾರೆ ಗೊತ್ತಾ?"

"ಗೊತ್ತು. ಆದ್ರೆ ಅದು ಹಾಗಲ್ಲ. ನಮ್ಮಲ್ಲಿ ನೂರು ಕೊಡಲ್ಲ, ನೂರೊಂದು ಕೊಡ್ತೀವಿ. ಸೊನ್ನೇಲಿ ನಿಂತ್ರೆ ಅಲ್ಲಿಗೆ ಮುಗೀತು ಅಂತ. ಮೇಲೆ ಒಂದು ಇಟ್ರೆ ಸಂಬಂಧ ಮುಂದಕ್ಕೆ ನಡೀತಾ ಇರತ್ತೆ."

ಅವರು ನೀರಿನ ಕ್ಯಾನು ಕೆಳಗಿಟ್ಟು ಮೊದಲ ಸಲ ನನ್ನ ಕಡೆ ನೋಡಿದರು. "ಹಾಗಾದ್ರೆ ಆ ಇಪ್ಪತ್ತು ಯಾಕೆ? ಅದು ಮುಗಿಸೋಕಾ?"

ನಿಜವಾಗಿ ಅದು ಮುಗಿಸುವುದಕ್ಕೇ ಇತ್ತು. ಆ ಗೈಡ್‌ಗೆ ಕೊಟ್ಟ ಮುನ್ನೂರೂ ಅದಕ್ಕೇ ಇತ್ತು. ನಾನು ಹೋಗಿ ಕೂರಬೇಕಾಗಿದ್ದ ಜಾಗದಲ್ಲಿ ಆಕೆ ಕೂತಿದ್ದಳು. ಆ ಋಣ ನನ್ನ ಮೇಲೆ ಉಳಿಯದಿರಲೆಂದು ಚಪ್ಪಾಳೆ ಹೊಡೆಸಿ ತೀರಿಸಿದ್ದೆ.

"ಮಗಳು ಏನೂ ತಿಂತಿಲ್ಲ" ಎಂದೆ. "ನೀವು ಮಾಡಿ ಕೊಡಿ ಅಂತ ಕೇಳಲ್ಲ. ನನಗೆ ಹೇಳಿಕೊಡಿ. ಅದಕ್ಕೆ ನನ್ನ ಹತ್ರ ಕೊಡೋಕೆ ಏನೂ ಇಲ್ಲ."

"ಪಾತ್ರೆ ತಗೊಂಡು ಬನ್ನಿ, ನೋಡೋಣ" ಎಂದರು.

ಹಿಂದಿನ ದಿನದ ಗಂಜಿಯ ಪಾತ್ರೆ ತಂದು ಓರೆ ಮಾಡಿ ತೋರಿಸಿದೆ. ಒಳಗಿನದು ಜಗ್ಗಲಿಲ್ಲ. ಅವರು ಬೇಲಿಯಾಚೆಯಿಂದ ಕತ್ತು ಚಾಚಿ ನೋಡಿ, "ಅಂಕಲ್, ಇದು ಗಂಜಿ ಅಲ್ಲ, ಗೋಡೆ ಕಟ್ಟೋಕೆ ಇಟ್ಕೊಳ್ಳಿ" ಎಂದರು. ಹಿಂಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ.

ಅವರ ಪಾಠ ಶುರುವಾಯಿತು. ಅಕ್ಕಿ ನೆನೆಸಿ ಕೈಯಲ್ಲೇ ಹಿಚುಕಿ ನುಚ್ಚು ಮಾಡಬೇಕು. ನಾನು ಹಾಕಿದ್ದಕ್ಕಿಂತ ಎಷ್ಟೋ ಪಾಲು ನೀರು ಹೆಚ್ಚು ಬೇಕು. ಒಲೆ ಸಣ್ಣಗಿರಬೇಕು, ಸೌಟು ನಿಲ್ಲಬಾರದು. ನಾನು ಒಳಗೆ ಹೋಗಿ ತಿರುವಿ, ಹೊರಗೆ ಬಂದು ವರದಿ ಒಪ್ಪಿಸುವುದು. "ಈಗ ಕುದೀತಿದೆ." "ಹೊರಗ್ಯಾಕೆ ಬಂದ್ರಿ? ಹೋಗಿ ತಿರುವಿ!" ಮನೆಯಲ್ಲಿ ಶುಂಠಿ ಇಲ್ಲ ಎಂದಾಗ ಅವರು ಒಳಗೆ ಹೋಗಿ ಒಂದು ತುಂಡು ತಂದು ಬೇಲಿಯ ಮೇಲಿಂದ ಎಸೆದರು. ನಾನು ಎರಡು ಕೈ ಒಡ್ಡಿದೆ, ಅದು ಕೈಗಳ ನಡುವಿನಿಂದ ಹೋಗಿ ಹೂಕುಂಡದಲ್ಲಿ ಬಿತ್ತು. "ನೈಸ್ ಕ್ಯಾಚ್, ತಾತ" ಎಂದಳು ಮೊಮ್ಮಗಳು.

ಮಧ್ಯಾಹ್ನದ ಹೊತ್ತಿಗೆ ಮಹಡಿಯ ಬಾಗಿಲ ಮುಂದೆ ಬಟ್ಟಲಿಟ್ಟೆ. ಕೆಳಗಿಳಿದು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಫೋನು ಬಾರದೆ ಹೋದಾಗ ಮತ್ತೆ ಮೇಲೆ ಹೋದೆ. ಬಟ್ಟಲು ಹೊರಗಿತ್ತು, ಖಾಲಿಯಾಗಿತ್ತು. ಒಳಗಿನಿಂದ, "ಉಪ್ಪು ಜಾಸ್ತಿ ಅನ್ಸತ್ತೆ ಅಪ್ಪ. ನಂಗೆ ಗೊತ್ತಾಗ್ತಿದೆ!" ಎಂದಳು. ಉಪ್ಪು ಜಾಸ್ತಿಯಾದದ್ದಕ್ಕೆ ಅಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ಅಂಕೆ ಅಂದು ನಿಂತಲ್ಲೇ ನಿಂತಿತು. ಮರುದಿನದಿಂದ ಮೇಲಕ್ಕೆ ಹತ್ತಿತು. ಮರುದಿನವೇ ಮೆಟ್ಟಿಲ ಮೇಲೆ ಕ್ಯಾರಿಯರೂ ಬಂತು.

ಆಮೇಲಿನ ದಿನಗಳಲ್ಲಿ ಬೇಲಿಯ ಆಚೀಚೆ ನಿಂತು ಬಹಳ ಮಾತಾಡಿದೆವು. ಅವರ ತಂಗಿ ಊರಿನಲ್ಲಿ ಹೋಟೆಲೊಂದರಲ್ಲಿ ರೂಮು ಗುಡಿಸುವವಳಂತೆ. ಪ್ರವಾಸಿಗರಿಲ್ಲದೆ ಹೋಟೆಲು ಮುಚ್ಚಿತ್ತು. "ಸಂಬಳ ಮನೆ ಬಾಡಿಗೆಗೆ ಹೋಗ್ತಿತ್ತು. ಮಕ್ಕಳ ಸ್ಕೂಲು ನಡೀತಿದ್ದದ್ದು ದಿಂಬಿನ ಮೇಲಿನ ಇಪ್ಪತ್ತರಲ್ಲಿ" ಎಂದರು. ಭಕ್ಷೀಸಿಗೆ ಅವರ ಭಾಷೆಯಲ್ಲಿರುವ ಮಾತಿನಲ್ಲಿ 'ಎದೆಯ ನೀರು' ಎಂಬರ್ಥ ಸೇರಿದೆಯಂತೆ. ಮನಸ್ಸು ತುಂಬಿ ತಾನಾಗಿ ಹೊರಗೆ ಹರಿದದ್ದು. ಅಷ್ಟು ವರ್ಷ ಅದರ ಮೇಲೆ ಭಾಷಣ ಮಾಡಿದೆ, ಒಬ್ಬರನ್ನಾದರೂ ಅದನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿರಲಿಲ್ಲ.

ಆ ಗೈಡ್‌ಗಾಗಿ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿದೆ. ಯಾರಿಗೂ ಗೊತ್ತಿಲ್ಲ. ಬಸ್ಸುಗಳು ನಿಂತಿದ್ದ ಆ ವರ್ಷ ಆಕೆ ಏನು ಮಾಡಿದಳೋ. ಸಿಕ್ಕಿದರೆ ಕೈ ಮುಗಿಯುತ್ತೇನೆ, ಕೈಯಲ್ಲಿ ಕವರು ಹಿಡಿದಿರುವುದಿಲ್ಲ. ನನ್ನ ಬಸ್ಸಿನಲ್ಲಿ ಕೂತು ಆ ಬಿಸ್ಕತ್ತಿನ ಮಾತಿಗೆ ನಕ್ಕವರು ಯಾರಾದರೂ ಇದನ್ನು ಓದುತ್ತಿದ್ದರೆ, ತಪ್ಪು ನಿಮ್ಮದಲ್ಲ, ನಗಿಸಿದವನು ನಾನು. ಮತ್ತೆ ಹೋದರೆ ದಿಂಬಿನ ಮೇಲೆ ಇಡುವುದನ್ನು ಇಡಿ. ಬಾಗಿಲಲ್ಲಿ ಆ ಹೆಂಗಸು ಸಿಕ್ಕರೆ ಒಂದು ನಿಮಿಷ ನಿಂತು ಮುಖ ನೋಡಿ.

ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾಯಿತು. ಟೇಕ್‌ಅವೇ ಬಾಗಿಲು ತೆರೆಯಿತು. ಮಗಳು ಕೆಲಸಕ್ಕೆ ಮರಳುವ ಮುಂಚೆ ಒಂದು ಸಂಜೆ ನಾವು ಮೂವರೂ ನಿಧಾನವಾಗಿ ನಡೆದು ಅಲ್ಲಿಗೆ ಹೋದೆವು. ಅವಳು ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಕೌಂಟರಿನ ಗಾಜಿನ ಹಿಂದೆ ಪಕ್ಕದವರು ನಿಂತಿದ್ದರು. ಮುಂದೆ ಭಕ್ಷೀಸಿನ ಗಾಜಿನ ಜಾಡಿ. ನನ್ನ ಜೇಬಿನಲ್ಲಿ ಆ ನೋಟು, ಆ ನಾಣ್ಯ ಎರಡೂ ಇದ್ದವು. ಅಷ್ಟು ದಿನ ದೇವರ ಗೂಡಿನಲ್ಲಿ ಇಟ್ಟಿದ್ದೆ. ನನಗೆ ಕೈ ಏಳಲಿಲ್ಲ.

"ಇಲ್ಲಿ ಹಾಕ್ಬಹುದಾ?" ಎಂದು ಕೇಳಿದೆ.

"ಇಲ್ಲಿ ಹಾಕ್ದೆ ಎಲ್ಲಿ ಹಾಕ್ತೀರ? ಇದು ಅಂಗಡಿ, ನೀವು ಗಿರಾಕಿ. ಅಲ್ಲಿ ಮನೆ" ಎಂದು ಜೋರಾಗಿ ನಕ್ಕರು. ಮಗಳೂ ನಕ್ಕು ಕೆಮ್ಮಿದಳು.

ನೋಟನ್ನು ಜಾಡಿಗೆ ಹಾಕಿದೆ. ನಾಣ್ಯವನ್ನೂ ಹಾಕಲು ಹೋದಾಗ ಅವರು ಗಾಜಿನ ಕೆಳಗಿನ ಸಂದಿನಿಂದ ಅಂಗೈ ಚಾಚಿದರು.

"ಅದು ಜಾಡಿಗಲ್ಲ. ಅದು ಇಲ್ಲಿ ಕೊಡಿ."

ಕೊಟ್ಟೆ. ಅವರು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಒಲೆಯ ಕಡೆ ತಿರುಗುತ್ತಾ, "ನಾಳೆ ಕ್ಯಾರಿಯರ್ ವಾಪಸ್ ಕಳ್ಸಿ ಅಂಕಲ್. ಖಾಲಿ ಕಳಿಸ್ಬೇಡಿ. ಆ ಹಳದಿ ಅನ್ನ ಮಾಡ್ತೀರಂತಲ್ಲ, ನಿಂಬೆಹಣ್ಣಿಂದು?" ಎಂದರು.

ಅದನ್ನು ಮಾಡಲು ನನಗೆ ಬರುತ್ತಿರಲಿಲ್ಲ. ಮನೆಗೆ ನಡೆಯುತ್ತಾ ಮಗಳನ್ನು ಕೇಳಿದೆ, ಒಗ್ಗರಣೆಗೆ ಮೊದಲು ಏನು ಹಾಕಬೇಕು ಎಂದು.